‘ತಾತನ ಸ್ಟಾಂಪ್ ಆಲ್ಬಂ ಸಿಕ್ಕಿದೆ ಸಾರ್, ಎಷ್ಟಕ್ಕೆ ಹೋಗಬಹುದು?’

ನಾನು ಸ್ಟಾಂಪ್ ಕೂಡಿಡುವವನು ಅಂತ ಗೊತ್ತಾದರೆ ಸಾಕು, ಮದುವೆ ಮನೆ ಪಂಕ್ತಿಯಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ. ಬಸವನಗುಡಿಯದೋ ಮಲ್ಲೇಶ್ವರದ್ದೋ ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಆಲ್ಬಂ ಸಿಕ್ಕಿರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಆಲ್ಬಂ ಇರಲಿ, ಪಕ್ಕದಲ್ಲಿ ಹಳೇ ಕಾಗದದ ಕಟ್ಟು ಏನಾದರೂ ಇತ್ತಾ?

ಆಲ್ಬಂ ವಿಷಯ ಬೇಗ ಮುಗಿಸೋಣ. ಅರ್ಧಕ್ಕರ್ಧ ‘ಮಗ್ಯಾರ್ ಪೋಸ್ಟಾ’ ಅಂತ ಬರೆದ ಹಂಗೇರಿಯವು, ಸೋವಿಯತ್, ಪೋಲೆಂಡ್. ಮೂಲೆಯಲ್ಲಿ ಅಚ್ಚುಕಟ್ಟಾಗಿ ಸೀಲಿನ ಕಾಲುಭಾಗ ಬಿದ್ದಿರುತ್ತದೆ. ಹಿಂದೆ ತಿರುಗಿಸಿದರೆ ಗೋಂದು ಹಾಗೇ ಇರುತ್ತದೆ. ಅಂದರೆ ಯಾವ ಕವರಿನ ಮೇಲೂ ಅದು ಕೂತೇ ಇಲ್ಲ. ಸಂಗ್ರಹಕಾರರಿಗೆ ಮಾರಲೆಂದೇ ಆ ದೇಶಗಳು ಹಾಳೆಗಟ್ಟಲೆ ಸೀಲು ಒತ್ತಿ ಕಳಿಸುತ್ತಿದ್ದವು. ಇನ್ನು ವಿಶ್ವೇಶ್ವರಯ್ಯನವರ ಸ್ಟಾಂಪ್. 1960ರ ಸೆಪ್ಟೆಂಬರ್ 15ರಂದು, ಅವರ ಜನ್ಮ ಶತಮಾನೋತ್ಸವಕ್ಕೆ ಹೊರಬಂದದ್ದು, ಅವರು ಬದುಕಿರುವಾಗಲೇ. ಹೆಮ್ಮೆ ಪಡುವುದಕ್ಕೆ ಸರಿ, ಆದರೆ ದುಡ್ಡು ಹುಟ್ಟುವುದಿಲ್ಲ, ಬೇಕಾದಷ್ಟು ಸಿಗುತ್ತವೆ. 1948ರ ಗಾಂಧಿ ಸ್ಟಾಂಪುಗಳಲ್ಲಿ ಹತ್ತು ರೂಪಾಯಿಯದ್ದು ಇದ್ದರೆ ಮಾತ್ರ ನಾನೂ ಕುರ್ಚಿಯಿಂದ ಏಳುತ್ತೇನೆ. ಅದರ ನಕಲಿಗಳೂ ಅಷ್ಟೇ ಓಡಾಡುತ್ತಿವೆ, ತಿಳಿದವರಿಗೆ ತೋರಿಸದೆ ಖುಷಿಪಡಬೇಡಿ.

ಕಾಗದದ ಕಟ್ಟಿನ ಕಥೆ ಬೇರೆ. 1971ರ ಕೊನೆ ಭಾಗದ ಒಂದು ಕವರ್ ತೆಗೆದುಕೊಳ್ಳಿ. ಮಾಮೂಲಿ ಸ್ಟಾಂಪಿನ ಪಕ್ಕ ಐದು ಪೈಸೆಯದೊಂದು ಹೆಚ್ಚಿಗೆ ಅಂಟಿಸಿರುತ್ತಾರೆ: ಕುಟುಂಬ ಯೋಜನೆಯ ಸ್ಟಾಂಪ್, ಗಂಡ ಹೆಂಡತಿ ಮಕ್ಕಳ ಚಿತ್ರ, ಅದರ ಮೇಲೆ ‘ರೆಫ್ಯೂಜಿ ರಿಲೀಫ್’ ಅಂತ ಅಕ್ಷರ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಬರುತ್ತಿದ್ದ ಹೊತ್ತು. ನವೆಂಬರ್ 15ರಿಂದ ಸರ್ಕಾರ ಅಂಚೆಯ ಮೇಲೂ ಐದು ಪೈಸೆ ತೆರಿಗೆ ಹಾಕಿತು, 1973ರ ಮಾರ್ಚ್‌ವರೆಗೂ ಇತ್ತು. ನಾಸಿಕ್‌ನಲ್ಲಿ ಅಚ್ಚಾದದ್ದು ಸಾಲದೆ ಕೆಲವು ಊರುಗಳಲ್ಲಿ ಅಲ್ಲಲ್ಲೇ ಆ ಅಕ್ಷರ ಹಾಕಿಸಿಕೊಂಡರು. ಅದರಲ್ಲಿ ನಮ್ಮ ಬೆಂಗಳೂರೂ ಒಂದು. ನೀರಲ್ಲಿ ನೆನೆಸಿ ಬಿಡಿಸಿದ ಐದು ಪೈಸೆ ಸ್ಟಾಂಪನ್ನು ಯಾರೂ ಮೂಸುವುದಿಲ್ಲ. ಅದೇ ಕವರಿನ ಮೇಲೆ, ಹೊರಟ ಊರಿನ ಸೀಲು, ತಾರೀಖು, ತಲುಪಿದ ಊರಿನ ಸೀಲು ಎಲ್ಲಾ ಓದುವ ಹಾಗಿದ್ದರೆ ಸಂಗ್ರಹಕಾರ ಕನ್ನಡಕ ಹುಡುಕುತ್ತಾನೆ. ನಮಗೆ ಶಾಲೆಯಲ್ಲಿ ಕಲಿಸಿದ್ದೇ ಬೇಸಿನ್‌ಗೆ ನೀರು ಹಾಕಿ ಸ್ಟಾಂಪ್ ಬಿಡಿಸೋದು, ಕವರ್ ಒಲೆಗೆ ಹಾಕೋದು. ಹೊಟ್ಟೆ ಉರಿಯುತ್ತದೆ.

ಮೈಸೂರು ಸಂಸ್ಥಾನದ ಸ್ವಂತ ಅಂಚೆಯ ಕಾಗದವಂತೂ ಇನ್ನೂ ಮಜಾ. ಚಿಕ್ಕದೇವರಾಜ ಒಡೆಯರ ಕಾಲದ್ದೆನ್ನುವ ಆ ಅಂಚೆ ಬ್ರಿಟಿಷರದ್ದರಲ್ಲಿ ಸೇರಿಹೋದದ್ದು 1889ರಲ್ಲಿ. ತಿರುವಾಂಕೂರು, ಹೈದರಾಬಾದುಗಳಂತೆ ಅದಕ್ಕೆ ಸ್ವಂತ ಅಂಚೆ ಸ್ಟಾಂಪ್ ಇರಲಿಲ್ಲ. ಸ್ಟಾಂಪ್ ಹುಡುಕುವ ಕಣ್ಣಿಗೆ ಅದು ಬರೀ ಮಡಿಚಿದ ರದ್ದಿ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಾಲ್ಕು ಜನ ಸಂಗ್ರಹಕಾರರು ಸೇರುವ ಕಡೆ ಹೋಗಿ. ಮ್ಯೂಸಿಯಂ ರಸ್ತೆಯ ಅಂಚೆ ಕಚೇರಿಯ ಹಳೇ ಕಟ್ಟಡದಲ್ಲಿ ‘ಸಂದೇಶ್’ ಅನ್ನುವ ಅಂಚೆ ಸಂಗ್ರಹಾಲಯವಿದೆ. (ರಸ್ತೆಗೆ ಹೆಸರು ಕೊಟ್ಟ ಮ್ಯೂಸಿಯಂ ಯಾವ ಕಾಲದಲ್ಲೋ ಕಸ್ತೂರಬಾ ರಸ್ತೆಗೆ ಹೋಯಿತು. ಈಗ ಹೆಸರಿಗೆ ಮತ್ತೆ ಅರ್ಥ ಬಂದಿದೆ.) ಅಕ್ಟೋಬರ್ 9 ವಿಶ್ವ ಅಂಚೆ ದಿನ, ಆ ವಾರವೆಲ್ಲ ಅಂಚೆಯವರದ್ದು ಒಂದಲ್ಲ ಒಂದು ಕಾರ್ಯಕ್ರಮ ಇರುತ್ತದೆ. ಗಾಜಿನ ಫ್ರೇಮುಗಳನ್ನು ನೋಡಿ, ಬೇಡ ಅನ್ನಲ್ಲ. ಆದರೆ ಕಲಿಯುವುದು ಪಕ್ಕದಲ್ಲಿ ಡಬ್ಬ ಬಿಚ್ಚಿಕೊಂಡು ಕೂತ ಹಿರಿಯರ ಹತ್ತಿರ. ಇಂಥ ಕಡೆ ಮಕ್ಕಳಿಗೆ ಸ್ಟಾಂಪ್ ಚಿತ್ರ ಬರೆಸುವುದು ನನಗೆ ಅಷ್ಟಕ್ಕಷ್ಟೇ. ಒಬ್ಬೊಬ್ಬರಿಗೂ ಮನೆಯಿಂದ ಒಂದು ಹಳೇ ಕವರ್ ತನ್ನಿ ಅಂದರೆ, ಎರಡು ಸೀಲಿನ ತಾರೀಖು ಕಳೆದು ಕಾಗದಕ್ಕೆ ಎಷ್ಟು ದಿನ ಹಿಡಿಯಿತು ಅಂತ ಅವರೇ ಲೆಕ್ಕ ಹಾಕುತ್ತಾರೆ.

ಬರುವಾಗ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಕತ್ತರಿ ಹತ್ತಿರವೂ ಬಿಡಬೇಡಿ. ಕಾಗದದಲ್ಲಿ ಮನೆಯ ಒಳಗಿನ ಮಾತಿದ್ದರೆ ಅದನ್ನು ನೀವೇ ಇಟ್ಟುಕೊಂಡು ಕವರ್ ಮಾತ್ರ ತನ್ನಿ. ಬೆಲೆ ಆಮೇಲೆ ಮಾತಾಡೋಣ.