ಹೆಬ್ಬೆಟ್ಟಿಗೊಂದು ಬೀಗ

ಶಿಡ್ಲಘಟ್ಟ, 11 ನವೆಂಬರ್ 2025, ಮಂಗಳವಾರ

ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಯುತ್ತಿದ್ದಂತೆ ನನ್ನ ಜೆರಾಕ್ಸ್ ಅಂಗಡಿ ತುಂಬುತ್ತದೆ. ಗೂಡಿನ ದುಡ್ಡು ಈಗ ಖಾತೆಗೇ ಬೀಳುವುದರಿಂದ ಎಲ್ಲರ ಕೈಯಲ್ಲೂ ಪಾಸ್‌ಬುಕ್, ಆಧಾರ್. ಇವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು: ಪಕ್ಕದ ಹಳ್ಳಿಯ ರೈತರೊಬ್ಬರ ಖಾತೆಯಿಂದ ಹತ್ತು ಸಾವಿರ ಹೋಗಿದೆಯಂತೆ.

"ಒಟಿಪಿ ಕೊಟ್ಟಿರ್ತಾನೆ, ನಾಚಿಕೆಗೆ ಹೇಳ್ತಿಲ್ಲ ಅಷ್ಟೇ" ಅಂತ ಒಬ್ಬರು ತೀರ್ಪು ಕೊಟ್ಟೇಬಿಟ್ಟರು. ನನಗೆ ರೇಗಿತು. ಆ ಮನುಷ್ಯನ ಹತ್ತಿರ ಇರುವುದೇ ಬಟನ್ ಫೋನು. ಆಧಾರ್ ಮೇಲೆ ದುಡ್ಡು ತೆಗೆಯುವ ಎಇಪಿಎಸ್‌ಗೆ ಒಟಿಪಿಯೂ ಬೇಡ, ಪಿನ್ನೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಸಾಕು. ಎಟಿಎಂ ಇಲ್ಲದ ಊರಲ್ಲಿ ಪಿಂಚಣಿಗೆ ಕಾಯುವ ಅಜ್ಜಿಯರಿಗೆ ಇದರಿಂದ ಎಷ್ಟು ಅನುಕೂಲವೋ, ಕಳ್ಳರಿಗೂ ಅಷ್ಟೇ. 2023ರಲ್ಲಿ ಬೆಂಗಳೂರಿನಲ್ಲಿ ಬಯಲಾದದ್ದು ಇದೇ: ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ ಖಾತೆ ಬರಿದು ಮಾಡಿದ್ದರು. ಜಮೀನು ಮಾರಿದವರು, ಕೊಂಡವರು ನಮ್ಮ ಕಡೆ ಕಮ್ಮಿಯೇ?

ಕಾಗದದ ವಿಷಯದಲ್ಲಂತೂ ನಮ್ಮ ಜನರ ಧಾರಾಳತನ ದೊಡ್ಡದು. ಸರಿಯಾಗಿ ಬಾರದ ಆಧಾರ್ ಪ್ರತಿಯನ್ನು ಟೇಬಲ್ ಮೇಲೇ ಬಿಟ್ಟು ಹೋಗುತ್ತಾರೆ. ನಾನು ಹರಿದು ಹಾಕುತ್ತೇನೆ. ಹಿಂದೊಮ್ಮೆ ಬೋಂಡಾ ಕಟ್ಟಿಕೊಟ್ಟ ಕಾಗದ ಬಿಡಿಸಿದರೆ ಯಾರದೋ ಆಧಾರ್, ಫೋಟೋ ಸಮೇತ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ ಅಂದರೆ, "ಅದು ನಡೆಯಲ್ಲ ಅಂತಾರಮ್ಮ" ಅನ್ನುತ್ತಾರೆ. ಕೆಲವು ಕಡೆ ಬೇಡ ಅನ್ನುವುದೂ ನಿಜ.

ದುಡ್ಡು ಹೋದವರಿಗೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ ಅಂತ ಹೇಳಿಕಳಿಸಿದೆ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ಮೋಸದಲ್ಲಿ, ಬ್ಯಾಂಕಿನ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ತಲೆಗೆ ಬರುವಂತಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೀಗೆ ಹೇಳಿತ್ತು. ಆದರೆ ಸಂದೇಶ ಹಳೇ ನಂಬರಿಗೆ ಹೋಗುತ್ತಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸುವ ತನಕ ಗೊತ್ತೇ ಆಗುವುದಿಲ್ಲ.

ಸಂಜೆ ಒಬ್ಬ ತಾತ ಕ್ರಯಪತ್ರದ ಜೆರಾಕ್ಸ್‌ಗೆ ಬಂದರು. ನೋಡಿದರೆ ಹೆಬ್ಬೆಟ್ಟು, ಆಧಾರ್ ಸಂಖ್ಯೆ ಎರಡೂ ಅದರಲ್ಲೇ. ಆಧಾರ್‌ಗೆ ಬೆರಳಚ್ಚು ನಡೆಯದಂತೆ ಬೀಗ ಹಾಕುವ ಬಯೋಮೆಟ್ರಿಕ್ ಲಾಕ್ ಮಾಡಿಸೋಣ ತಾತ ಅಂದೆ. ಆಧಾರ್‌ಗೆ ಜೋಡಿಸಿದ್ದ ನಂಬರು ಬೆಂಗಳೂರಲ್ಲಿರುವ ಮಗನದು. ಫೋನ್ ಮಾಡಿ, "ಒಂದು ಒಟಿಪಿ ಬರುತ್ತೆ, ಹೇಳ್ತೀರಾ?" ಅಂದದ್ದೇ ತಡ, "ಯಾರ್ರೀ ನೀವು? ನಮ್ಮಪ್ಪನ್ನ ಏನ್ ಮಾಡಿದ್ರಿ?" ಅಂತ ಗದರಿ ಕಟ್ ಮಾಡಿದ! ಖುಷಿಯಾಯಿತು. ತಾತನ ಫೋನಿಂದಲೇ ತಾತನ ಕೈಲೇ ಮಾತಾಡಿಸಿದೆ. ಎಂಆಧಾರ್ ಆ್ಯಪ್ ಹಾಕಿಕೊಂಡು ಒಟಿಪಿ ಯಾರಿಗೂ ಹೇಳದೆ ಅವನೇ ಲಾಕ್ ಮಾಡಿದ.

"ಇನ್ನು ಸೊಸೈಟೀಲಿ ಅಕ್ಕಿ ಕೊಡ್ತಾರೇನಮ್ಮ?" ತಾತನ ಚಿಂತೆ ಅದು. ಬೆರಳಿಟ್ಟರೆ ಮೆಷಿನ್ ತಗೊಳ್ಳಲ್ಲ, ಹೋಗೋಕೆ ಮುಂಚೆ ಮಗನಿಗೆ ಫೋನ್ ಮಾಡಿ ಲಾಕ್ ತೆಗೆಸಬೇಕು ಅಂದೆ.

ತಾತ ಯೋಚಿಸಿ, "ಒಳ್ಳೇದೇ ಆಯ್ತು ಬಿಡು. ಆ ನೆಪಕ್ಕಾದ್ರೂ ತಿಂಗಳಿಗೊಂದು ಸಲ ಫೋನ್ ಎತ್ತುತ್ತಾನೆ" ಅಂದು ಚಿಲ್ಲರೆ ಎಣಿಸಿಕೊಟ್ಟರು.