ಅರವತ್ತರ ಅಂಚಿನವರನ್ನೂ ಇಪ್ಪತ್ತಾರರವರನ್ನೂ ಹೇಗೆ ನಿಭಾಯಿಸುತ್ತೀರಿ?

ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿರುವ ನನಗೆ, ಹೊಸದಾಗಿ ಬಡ್ತಿ ಪಡೆದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಯಿದು. ವಯಸ್ಸಾದವರು ಕಲಿಯುವುದಿಲ್ಲ, ಹುಡುಗರು ನಿಲ್ಲುವುದಿಲ್ಲ ಎಂಬ ದೂರು ಅದರ ಬೆನ್ನಿಗೇ ಬರುತ್ತದೆ. ಈ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸ್ವಭಾವಕ್ಕಿಂತ, ಅವರವರು ಕೆಲಸಕ್ಕೆ ಸೇರಿದ ಕಾಲದ ಷರತ್ತುಗಳೇ ಅವರನ್ನು ಹೆಚ್ಚಾಗಿ ನಡೆಸುತ್ತವೆ ಎಂಬುದು ನನ್ನ ಅನುಭವ.

2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಲಕ್ಷಕ್ಕೂ ಹೆಚ್ಚು ಮಂದಿ ಹೊರಬಂದರು. ಆ ಆಸುಪಾಸಿನ ವರ್ಷಗಳಲ್ಲಿ ನೇಮಕಾತಿಯೂ ವಿರಳವಾಗಿದ್ದುದರಿಂದ ಎಷ್ಟೋ ಶಾಖೆಗಳಲ್ಲಿ ನಡುವಯಸ್ಸಿನವರೇ ಇಲ್ಲವಾದರು. ಮೇಲಾಗಿ, 2010ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಇರುವುದು ಎನ್‌ಪಿಎಸ್, ಅಂದರೆ ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದಷ್ಟೇ ಸಿಗುವ ಪಿಂಚಣಿ. ಹೀಗಾಗಿ ಒಂದೇ ಕೌಂಟರಿನ ಎರಡು ಕುರ್ಚಿಗಳಲ್ಲಿ ಒಬ್ಬರು ಮೂರೂವರೆ ದಶಕದ ದುಡಿಮೆಯ ಫಲಕ್ಕಾಗಿ ಕಾದಿದ್ದಾರೆ, ಇನ್ನೊಬ್ಬರು ಮತ್ತೊಂದು ಪರೀಕ್ಷೆ ಬರೆದು ಎದ್ದು ಹೋಗಬಲ್ಲರು.

ಇದು ನನಗೆ ಅರ್ಥವಾದದ್ದು ನನ್ನದೇ ತಪ್ಪಿನಿಂದ. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ಹಿರಿಯ ಅಧಿಕಾರಿಯೊಬ್ಬರು ತಮ್ಮ ಪಾಸ್‌ವರ್ಡನ್ನು ಪಕ್ಕದ ಹುಡುಗನಿಗೆ ಹೇಳಿದ್ದರು, ವೋಚರ್ ಹಾಕುವವನೂ ಅವನೇ, ಹಿರಿಯರು ಪರಿಶೀಲಿಸಿ ಒಪ್ಪಬೇಕಾದದ್ದನ್ನು ಅವರ ಐಡಿಯಲ್ಲಿ ಪಾಸ್ ಮಾಡುವವನೂ ಅವನೇ. ಕೆಲಸ ಬೇಗ ಮುಗಿಯುತ್ತಿದ್ದುದರಿಂದ ನಾನು ಕಂಡೂ ಕಾಣದಂತಿದ್ದೆ. ಒಂದು ಸಂಜೆ ಒಬ್ಬರ ಹಣ ಮತ್ತೊಬ್ಬರ ಖಾತೆಗೆ ಜಮೆಯಾಯಿತು. ಮರುದಿನವೇ ಹಣ ವಾಪಸು ಬಂತಾದರೂ, ವಿವರಣೆ ಕೊಡಬೇಕಾಗಿ ಬಂದದ್ದು ಆ ಹಿರಿಯರೇ, ಏಕೆಂದರೆ ಐಡಿ ಅವರದು. "ಸರ್, ಇನ್ನು ಹದಿನಾಲ್ಕು ತಿಂಗಳು ನನ್ನಿಂದ ಏನನ್ನೂ ಪಾಸ್ ಮಾಡಿಸಬೇಡಿ" ಎಂದರು. ಇಲಾಖಾ ವಿಚಾರಣೆಯ ಚಾರ್ಜ್‌ಶೀಟ್ ಬಾಕಿಯಿರುವಾಗ ನಿವೃತ್ತರಾದರೆ ಕೈಗೆ ಬರಬೇಕಾದ ಹಣ ತಡೆಯಾಗಬಹುದೆಂಬ ಭಯವನ್ನು ನಾನು ಅಲ್ಲಿಯವರೆಗೆ ಸೋಮಾರಿತನವೆಂದೇ ಓದಿದ್ದೆ.

ಅಂದಿನಿಂದ ಪಾಸ್‌ವರ್ಡ್ ಹಂಚಿಕೆ ನಿಲ್ಲಿಸಿದೆ. ಕ್ಯೂ ಉದ್ದವಾಯಿತು, ಗ್ರಾಹಕರು ಗೊಣಗಿದರು, ಅದನ್ನು ನಾನೇ ಕೇಳಿಸಿಕೊಂಡೆ. ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡುವುದು ಶಾಖೆ ಮುಚ್ಚಿದ ಮೇಲೆ ಮಾತ್ರ, ಏಕೆಂದರೆ ಗ್ರಾಹಕರೆದುರು ಮಗನ ವಯಸ್ಸಿನವನಿಂದ ತಿದ್ದಿಸಿಕೊಳ್ಳಲು ಯಾರಿಗೂ ಮನಸ್ಸಾಗದು. (ನನಗಂತೂ ಆಗದು.)

ಹಿರಿಯರೂ ಕಿರಿಯರೂ ತಂತಮ್ಮ ಪಾಲಿನ ಕೆಲಸ ತಾವೇ ಮಾಡುವುದರ ಲಾಭ ಕಂಡದ್ದು ಒಬ್ಬ ಅಜ್ಜಿಯ ವಿಷಯದಲ್ಲಿ. ಕೈನಡುಕದಿಂದ ಅವರ ಸಹಿ ಕಡತದ ಸಹಿಗೆ ಹೊಂದಲಿಲ್ಲ. ಕೌಂಟರಿನಲ್ಲಿದ್ದ ಹೊಸ ಹುಡುಗಿ ಹಣ ಕೊಡಲೊಪ್ಪಲಿಲ್ಲ, "ಇಪ್ಪತ್ತು ವರ್ಷದಿಂದ ಬಲ್ಲೆ, ಕೊಡಮ್ಮ" ಎಂದರು ಹಿರಿಯ ಕ್ಯಾಷಿಯರ್. ಇಬ್ಬರೂ ಸರಿಯೇ. ಅವರು ಅಜ್ಜಿಯನ್ನು ಕೂರಿಸಿ ಮಾತಾಡಿಸಿದರು, ಇವಳು ಗುರುತಿನ ದಾಖಲೆ ನೋಡಿ ಹೊಸ ಮಾದರಿ ಸಹಿ ಪಡೆದು ಸ್ಕ್ಯಾನ್ ಮಾಡಿದಳು, ನಾನು ಒಪ್ಪಿಗೆ ಹಾಕಿದೆ. ಹಣ ಎಣಿಸಿಕೊಂಡ ಅಜ್ಜಿ, ಮುಂದಿನ ತಿಂಗಳು ಯಾವ ಕೌಂಟರಿಗೆ ಬರಬೇಕೆಂದು ಕೇಳಿದರು. ಇಬ್ಬರೂ ಒಟ್ಟಿಗೇ ಕೈಯೆತ್ತಿದರು.