ಡೊಂಬಿವಲಿಯಲ್ಲೊಂದು ಕ್ಯಾಸಲ್‌ರಾಕ್

ನಮ್ಮ ಡೊಂಬಿವಲಿ ಮನೆಯ ಒಳಕೋಣೆಯಲ್ಲಿ, ಗೋಡೆಗುಂಟ, ಎಂಟು ಅಡಿ ಉದ್ದ ಒಂದೂವರೆ ಅಡಿ ಅಗಲದ ಪ್ಲೈವುಡ್ ಹಲಗೆ ಇದೆ. ಅದರ ಮೇಲೆ ಗೋವಾ ಗಡಿಯ ಕ್ಯಾಸಲ್‌ರಾಕ್ ಸ್ಟೇಷನ್ನಿನ ಪುಟ್ಟ ರೈಲು ಮಾದರಿ. ಮೂರು ಲೈನು, ಬೋಗಿ ನಿಲ್ಲಿಸಲು ಪಕ್ಕದಲ್ಲೊಂದು ಸೈಡಿಂಗು, ಗಾಡಿಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳಿಸುವ ಐದು ಪಾಯಿಂಟು. ಎಡಕ್ಕೆ ಘಾಟ್ ಇಳಿದು ಗೋವಾದ ಕುಳೆಂ, ಬಲಕ್ಕೆ ಲೋಂಡಾ. ಮೀಟರ್ ಗೇಜ್ ಇದ್ದಾಗ ನಮ್ಮಪ್ಪ ಅಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು.

ತಿಳಿದವರು ಬಂದರೆ ಮೊದಲು ನಗುವುದು ನನ್ನ ಹಳಿ ನೋಡಿ. ಮಾದರಿ 1:87ರ ಎಚ್‌ಒ ಅಳತೆಯದು, ಅಂದರೆ ನಿಜದ 87ರಲ್ಲೊಂದು ಪಾಲು; ಎರಡು ಹಳಿಗಳ ನಡುವಿನ ಅಗಲ 16.5 ಮಿ.ಮೀ. ಮೀಟರ್ ಗೇಜಿನ ಒಂದು ಮೀಟರ್ ಅಗಲವನ್ನು 87ರಿಂದ ಭಾಗಿಸಿದರೆ ಸುಮಾರು 11.5 ಬರಬೇಕು. ಬ್ರಾಡ್ ಗೇಜ್ ಅನ್ನೋಣವೆಂದರೆ 1676 ಮಿ.ಮೀ.ಗೆ 19.3 ಆಗಬೇಕು. ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ. ಸಿಕ್ಕ ಹಳಿ ಹಾಕಿದ್ದೇನೆ, ಆಯಿತು.

ಎರಡು ವರ್ಷ ಪಾಯಿಂಟುಗಳನ್ನು ಬೆರಳಿನಿಂದಲೇ ಸರಿಸಿದೆ. ಹಿಂದಿನ ಲೈನಿಗೆ ಕೈ ಚಾಚಿದಾಗಲೆಲ್ಲ ಮುಂದಿನ ಲೈನಿನ ಎರಡು ಬೋಗಿ ಮೊಣಕೈಗೆ ತಾಗಿ ಉರುಳುತ್ತಿದ್ದವು. ಕೊನೆಗೆ ಕೂತಲ್ಲಿಂದಲೇ ಪಾಯಿಂಟು ಸರಿಸುವ ಸ್ವಿಚ್ಚುಗಳ ಪ್ಯಾನೆಲ್ ಮಾಡಲೇಬೇಕೆಂದು ಒಂದು ಶನಿವಾರ ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಟಾಗಲ್ ಸ್ವಿಚ್, ಎಲ್‌ಇಡಿ, ಒಂದು ಕಿಲೋ ಓಮ್ ರೆಸಿಸ್ಟರುಗಳ ಪಟ್ಟಿ ತಂದೆ. ಮನೆಯವಳು ಚೀಲದೊಳಗೆ ಇಣುಕಿ, "ರೀ, ಮಿಕ್ಸರಿನ ಸ್ವಿಚ್ ಕೆಟ್ಟು ಮೂರು ತಿಂಗಳಾತು. ಅದಕ್ಕ ಮಾತ್ರ ನಿಮಗ ವ್ಯಾಳ್ಯಾ ಇಲ್ಲ" ಅಂದಳು. ನಾನು ಮಾತಾಡಲಿಲ್ಲ.

ಮೊದಲ ದಿನವೇ ಪಾಯಿಂಟ್ ಸರಿಸುವ ಒಂದು ಕಾಯಿಲ್ ಸುಟ್ಟೆ. ತಪ್ಪು ನನ್ನದೇ. ಪಾಯಿಂಟ್ ಮೋಟಾರ್ ಅನ್ನುತ್ತೇವೆಯೇ ಹೊರತು ಅದು ಮೋಟಾರೇ ಅಲ್ಲ, ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸುರುಳಿ. ಒಂದಕ್ಕೆ ಕರೆಂಟು ಕೊಟ್ಟರೆ ಕಡ್ಡಿ ಈ ಕಡೆ, ಇನ್ನೊಂದಕ್ಕೆ ಕೊಟ್ಟರೆ ಆ ಕಡೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನಾನು ದೀಪದ ಸ್ವಿಚ್ಚಿನಂತೆ ಹಾಕಿದಲ್ಲೇ ನಿಲ್ಲುವ ಟಾಗಲ್ ಹಾಕಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಕೋಣೆ ತುಂಬ ವಾರ್ನಿಷ್ ವಾಸನೆ.

ಟಾಗಲ್ ತೆಗೆದು, ಬೆರಳು ಎತ್ತಿದರೆ ಬಿಟ್ಟುಕೊಳ್ಳುವ ಪುಶ್ ಬಟನ್ ಹಾಕಿದೆ, ಪಾಯಿಂಟಿಗೆ ಎರಡರಂತೆ ಹತ್ತು. ಅಷ್ಟಕ್ಕೂ ನೆಚ್ಚದೆ ನಡುವೆ ಕರೆಂಟು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಕೂರಿಸಿದೆ. 16 ವೋಲ್ಟ್ ಎಸಿಯನ್ನು ಡಯೋಡ್, ರೆಸಿಸ್ಟರುಗಳಿಂದ ಹಾಯಿಸಿದರೆ 22 ವೋಲ್ಟಿನಷ್ಟು ತುಂಬಿಕೊಳ್ಳುತ್ತದೆ. ಬಟನ್ ಒತ್ತಿದ ಕೂಡಲೇ ಇದ್ದದ್ದನ್ನೆಲ್ಲ ಒಮ್ಮೆಲೇ ಸುರಿದು ಬರಿದಾಗುತ್ತದೆ. ಒತ್ತಿ ಹಿಡಿದರೂ ಸುರುಳಿ ಸುಡುವಷ್ಟು ಕರೆಂಟು ಹೋಗದು. ಪಕ್ಕದ ಮನೆಯ ಹುಡುಗ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಟಾಗಲ್‌ಗಳು ದಂಡವಾಗಲಿಲ್ಲ. ಎಂಜಿನ್ನಿಗೆ ಕರೆಂಟು ಹಳಿಯಿಂದಲೇ ಬರುವುದರಿಂದ, ಒಂದು ಹಳಿಯನ್ನು ಅಲ್ಲಲ್ಲಿ ಕತ್ತರಿಸಿ, ಪ್ಲಾಸ್ಟಿಕ್ ಜೋಡಣೆ ಹಾಕಿ, ಪ್ರತಿ ಲೈನಿಗೂ ಒಂದು ಟಾಗಲ್ ಕೊಟ್ಟೆ. ಇಲ್ಲದಿದ್ದರೆ ಕಂಟ್ರೋಲರ್ ತಿರುಗಿಸಿದಾಗ ಸುಮ್ಮನೆ ನಿಂತ ಬ್ಯಾಂಕರ್, ಅಂದರೆ ಗಾಡಿ ನೂಕುವ ಎಂಜಿನ್ನೂ ಹೊರಟುಬಿಡುತ್ತದೆ. ಬ್ಯಾಂಕರ್ ಇಲ್ಲದ ಕ್ಯಾಸಲ್‌ರಾಕ್ ನನಗೆ ಬೇಡ. 37 ಅಡಿಗೆ ಒಂದಡಿ ಏರುವ ದಾರಿ ಅದು, ಹಿಂದಿನಿಂದ ನೂಕುವವರಿಲ್ಲದೆ ಕುಳೆಂನಿಂದ ಭಾರದ ಗಾಡಿ ಮೇಲೆ ಬರುವುದಿಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ದೀಪಗಳು. ಬಟನ್ ಜೊತೆಗೆ ಒಂದು ರಿಲೇಯೂ (ಕರೆಂಟಿನಿಂದ ನಡೆಯುವ ಸ್ವಿಚ್) ಎಳೆದುಕೊಂಡು, ಲೈನ್ ಯಾವ ಕಡೆ ಇದೆಯೋ ಆ ಕಡೆಯ ಎಲ್‌ಇಡಿ ಹತ್ತುವಂತೆ ಮಾಡಿದ್ದೆ. ನೋಡಲು ಭಾಳ ಚೆಂದ. ಒಂದು ಸಂಜೆ ಮೂರನೇ ಪಾಯಿಂಟಿಗೆ ಹಸಿರು ಹತ್ತಿತ್ತು, ಗಾಡಿ ಬಿಟ್ಟೆ, ಎಂಜಿನ್ ದಡಕ್ಕೆಂದು ಹಳಿ ತಪ್ಪಿತು. ಪಾಯಿಂಟಿನ ನಾಲಿಗೆ, ಅಂದರೆ ಅತ್ತಿತ್ತ ಸರಿಯುವ ಹಳಿಯ ತುದಿ, ಅರ್ಧಕ್ಕೇ ನಿಂತಿತ್ತು. ನಾನು ಏನು ಕೇಳಿದೆನೋ ಅದನ್ನಷ್ಟೇ ದೀಪ ನನಗೆ ತಿರುಗಿ ಹೇಳುತ್ತಿತ್ತು. ಪಾಯಿಂಟ್ ಏನು ಮಾಡಿತು ಅನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ.

ಚಿಕ್ಕವನಿದ್ದಾಗ ಅಪ್ಪನ ಊಟದ ಡಬ್ಬಿ ಒಯ್ಯುತ್ತಿದ್ದೆ. ಒಮ್ಮೆ, ಲಿವರ್ ಎಳೆದ ಮೇಲೂ ಮಳೆಯಲ್ಲಿ ಪಾಯಿಂಟಿನ ತನಕ ನಡೆದು ಹೋಗಿ ಬಗ್ಗಿ ನೋಡಿ ಬಂದರು. ಯಾಕೆಂದು ಕೇಳಿದೆ. "ಲಿವರ್ ಬಿತ್ತು ಅಂದ್ರ ಪಾಯಿಂಟ್ ಕುಂತತಿ ಅಂತಲ್ಲೋ ತಮ್ಮಾ, ನಡುವ ಒಂದ ಖಡಿಕಲ್ಲ ಸಿಕ್ಕಿದ್ರ ಮುಗೀತು." ಈಗಿನ ದೊಡ್ಡ ಸ್ಟೇಷನ್ನುಗಳ ಪ್ಯಾನೆಲ್ಲಿನಲ್ಲೂ ಪಾಯಿಂಟ್ ಪೂರ್ತಿ ಕೂತದ್ದು ಅಲ್ಲಿಂದ ತಿರುಗಿ ವರದಿಯಾಗದ ಹೊರತು ಗಾಡಿಗೆ ಸಿಗ್ನಲ್ ಸಿಗುವುದಿಲ್ಲ.

ರಿಲೇ ಕಿತ್ತೆಸೆದೆ. ಪ್ರತಿ ಪಾಯಿಂಟಿನ ಕೆಳಗೆ, ಕಡ್ಡಿಯ ಎರಡೂ ತುದಿಗೆ ಒಂದೊಂದು ಮೈಕ್ರೋ ಸ್ವಿಚ್. ಒಂದೇ ಸಾಕು ಅಂತ ಮೊದಲು ಅನ್ನಿಸಿತ್ತು. ಒಂದೇ ಇದ್ದರೆ ನಾಲಿಗೆ ನಡುವೆ ನಿಂತಾಗಲೂ ಯಾವುದಾದರೊಂದು ದೀಪ ಹತ್ತಿಯೇ ಇರುತ್ತದೆ. ಎರಡಿದ್ದರೆ, ಪೂರ್ತಿ ಈ ಕಡೆ ಕೂತರೆ ಹಸಿರು, ಪೂರ್ತಿ ಆ ಕಡೆ ಕೂತರೆ ಹಳದಿ, ನಡುವೆ ಸಿಕ್ಕಿದರೆ ಎರಡೂ ಕತ್ತಲೆ. ಹತ್ತು ಸ್ವಿಚ್ಚುಗಳನ್ನು ಹಲಗೆಯಡಿ ಅಂಗಾತ ಮಲಗಿ ಹೊಂದಿಸಲು ಎರಡು ವಾರ ಹಿಡಿಯಿತು. ದೀಪದ ವೈರಿಗೆ ಹಳೆಯ ಲ್ಯಾನ್ ಕೇಬಲ್ ಸೀಳಿದೆ. ಕಾಯಿಲಿಗೆ ಆ ತೆಳು ವೈರು ನಡೆಯದು, ದಪ್ಪನೆಯದೇ ಬೇಕು.

ಪ್ಯಾನೆಲ್ಲಿನ ಮೇಲ್ಮೈಗೆ ಹಾರ್ಡ್‌ಬೋರ್ಡಿನ ಬದಲು 3 ಮಿ.ಮೀ. ಅಕ್ರಿಲಿಕ್ ಹಾಕೋಣವೆಂದು ಬೋರ್ಡ್ ಬರೆಯುವ ಅಂಗಡಿಗೆ ಹೋದೆ. ಅವನು ನಕ್ಷೆ ನೋಡಿ "ಕಾಕಾ, ಹೇ ಕಾಯ್ ಆಹೇ?" ಅಂದ. ಸ್ಟೇಷನ್ ಅಂದೆ. ಕಪ್ಪು ಹಾಳೆಯ ಮೇಲೆ ಬಿಳಿ ಗೆರೆ ಚೆನ್ನಾಗಿಯೇ ಅಂಟಿಸಿಕೊಟ್ಟ. ನಾನು ಮಾತ್ರ ಗೆರೆಗೆ ಗೀರು ಬೀಳಬಾರದೆಂದು ಹಾಳೆ ಮಗುಚಿ, ನಕ್ಷೆಯ ಕಾಗದವನ್ನು ಹಾಗೇ ಹಿಂಬದಿಗೆ ಅಂಟಿಸಿ ತೂತು ಕೊರೆದೆ. ತಿರುಗಿಸಿ ನೋಡಿದರೆ ತೂತುಗಳ ಲೆಕ್ಕದಲ್ಲಿ ಗೋವಾ ಬಲಕ್ಕೆ ಹೋಗಿ ಕೂತಿತ್ತು. ಎರಡನೇ ಹಾಳೆಯನ್ನು ಮುಂದಿನಿಂದಲೇ ಕೊರೆದೆ, ಕೆಳಗೆ ಮರದ ತುಂಡಿಟ್ಟು, ಮೊದಲು 3 ಮಿ.ಮೀ. ಬಿಟ್, ಆಮೇಲೆ ದೊಡ್ಡದು, ನಿಧಾನವಾಗಿ. ಅವಸರ ಮಾಡಿದರೆ ಅಕ್ರಿಲಿಕ್ ಹಪ್ಪಳದಂತೆ ಸೀಳುತ್ತದೆ.

ಈಗ ಎಲ್ಲವೂ ನಡೆಯುತ್ತಿದೆ, ಐದನೇ ಪಾಯಿಂಟು ಬಿಟ್ಟು. ನಿನ್ನೆ ರಾತ್ರಿ ಅದರ ಎರಡೂ ದೀಪ ಆರಿದ್ದವು. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ನಾಲಿಗೆಗೂ ಹಳಿಗೂ ನಡುವೆ, ಸಾಸಿವೆಯಷ್ಟು ಒಂದು ಖಡಿ.